ಗೂಗಲ್‌ನಿಂದ ಬರುವ ಓದುಗರು ಕಡಿಮೆಯಾದಾಗ

2025ರ ಅಕ್ಟೋಬರ್ ಮೊದಲ ವಾರದಲ್ಲಿ, ಕನ್ನಡದ ಅಡುಗೆ ಜಾಲತಾಣವೊಂದನ್ನು ನಡೆಸುವ ಗೃಹಿಣಿಯೊಬ್ಬರು ನನಗೆ ಕರೆ ಮಾಡಿದರು. ಮಲೆನಾಡಿನ ಅಡುಗೆಗಳನ್ನು ತಾವೇ ಮಾಡಿ, ಫೋಟೊ ತೆಗೆದು, ಏಳು ವರ್ಷಗಳಿಂದ ತಪ್ಪದೆ ಬರೆಯುತ್ತಾ ಬಂದವರು ಅವರು. “ಸರ್, ಗೂಗಲ್ ನಮ್ಮ ಸೈಟನ್ನು ಕೈಬಿಟ್ಟಿದೆ. ಹೋದ ವರ್ಷದ ಸೆಪ್ಟೆಂಬರಿಗೆ ಹೋಲಿಸಿದರೆ ಅರ್ಧದಷ್ಟೂ ಜನ ಬಂದಿಲ್ಲ” ಎಂದರು. ಆಗಸ್ಟ್ 26ರಂದು ಆರಂಭವಾಗಿ ಸುಮಾರು ನಾಲ್ಕು ವಾರ ನಡೆದ ಗೂಗಲ್‌ನ ಸ್ಪ್ಯಾಮ್ ಅಪ್‌ಡೇಟ್ (ಮೋಸದ, ಕಳಪೆ ಪುಟಗಳನ್ನು ಹುಡುಕಾಟದಲ್ಲಿ ಕೆಳಗಿಳಿಸುವ ಬದಲಾವಣೆ) ಬಗ್ಗೆ ಓದಿದ್ದ ಅವರು ಅದೇ ಕಾರಣವೆಂದು ನಂಬಿದ್ದರು. ಯಾರೋ ಕೊಟ್ಟ ಸಲಹೆಯಂತೆ ಹಳೆಯ, ಚಿಕ್ಕ ಬರಹಗಳನ್ನು ಒಂದೊಂದಾಗಿ ಅಳಿಸತೊಡಗಿದ್ದರು. ಬೇರೆ ಏನನ್ನೂ ಕೇಳುವ ಮೊದಲು, ಅಳಿಸುವುದನ್ನು ಆ ಕ್ಷಣವೇ ನಿಲ್ಲಿಸಬೇಕೆಂದು ನಾನು ವಿನಂತಿಸಿಕೊಂಡೆ.

ಓದುಗರು ಕಡಿಮೆಯಾಗುವುದು ಒಂದು ಲಕ್ಷಣ ಮಾತ್ರ, ಅದರ ಹಿಂದೆ ಬೇರೆ ಬೇರೆ ಕಾಯಿಲೆಗಳಿರುತ್ತವೆ. ತಾಣ ನಡೆಸುವವರಿಗಾಗಿ ಇರುವ ಗೂಗಲ್ ಸರ್ಚ್ ಕನ್ಸೋಲ್ ಎಂಬ ಸಾಧನ ಹದಿನಾರು ತಿಂಗಳ ಅಂಕಿಗಳನ್ನು ಉಚಿತವಾಗಿ ತೋರಿಸುತ್ತದೆ. ನಮ್ಮ ಪುಟ ಹುಡುಕಾಟದಲ್ಲಿ ಎಷ್ಟು ಸಲ ಕಾಣಿಸಿತು ಎಂಬ ಇಂಪ್ರೆಶನ್, ಎಷ್ಟು ಜನ ಒತ್ತಿ ಒಳಗೆ ಬಂದರು ಎಂಬ ಕ್ಲಿಕ್, ಸರಾಸರಿ ಎಷ್ಟನೇ ಸ್ಥಾನದಲ್ಲಿತ್ತು ಎಂಬ ಸಂಖ್ಯೆ, ಈ ಮೂರನ್ನೂ ಒಟ್ಟಿಗೆ ಇಟ್ಟು ಓದಬೇಕು. ಸ್ಥಾನ ಕುಸಿದು ಕ್ಲಿಕ್ ಕಡಿಮೆಯಾಗಿದ್ದರೆ ಅದು ಶ್ರೇಯಾಂಕದ, ಅಂದರೆ ಗೂಗಲ್ ಪುಟಗಳನ್ನು ಜೋಡಿಸುವ ಕ್ರಮದ ವಿಷಯ. ಸ್ಥಾನ ಹಾಗೆಯೇ ಇದ್ದು ಇಂಪ್ರೆಶನ್ ಇಳಿದಿದ್ದರೆ, ಬಹಳಷ್ಟು ಸಲ ಜನ ಆ ವಿಷಯವನ್ನು ಹುಡುಕುವುದೇ ಕಡಿಮೆಯಾಗಿರುತ್ತದೆ. ಸ್ಥಾನವೂ ಇಂಪ್ರೆಶನ್ನೂ ಇದ್ದಂತೆಯೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ, ನಮ್ಮ ಪುಟದ ಮೇಲೆ ಬೇರೇನೋ ಬಂದು ಕುಳಿತಿದೆ ಎಂದು ಅನುಮಾನಿಸಬೇಕು. 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ, ಫಲಿತಾಂಶಗಳ ಮೇಲೆ ಕೃತಕ ಬುದ್ಧಿಮತ್ತೆಯ ಉತ್ತರವನ್ನು ತೋರಿಸುವ ಎಐ ಓವರ್‌ವ್ಯೂ ಮಾಡುವುದು ಇದನ್ನೇ: ಉತ್ತರ ಮೇಲ್ಗಡೆಯೇ ಸಿಕ್ಕಿದರೆ ಓದುಗರು ಕೆಳಗಿಳಿಯುವ ಅಗತ್ಯ ಉಳಿಯುವುದಿಲ್ಲ.

ಅವರ ಕನ್ಸೋಲ್ ತೆರೆದು ಸೆಪ್ಟೆಂಬರ್‌ಗೆ ಸೆಪ್ಟೆಂಬರ್ ಹೋಲಿಸಿದಾಗ, ಅತಿ ಹೆಚ್ಚು ಕ್ಲಿಕ್ ಕಳೆದುಕೊಂಡ ಪುಟಗಳ ಸಾಲಿನಲ್ಲಿ ಮೊದಲು ಕಂಡದ್ದು ಕಡುಬು, ಮೋದಕ, ಪಂಚಕಜ್ಜಾಯ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ರಂದು ಬಂದಿತ್ತು, 2025ರಲ್ಲಿ ಆಗಸ್ಟ್ 27ರಂದೇ ಮುಗಿದಿತ್ತು. ಹಬ್ಬದ ಅಡುಗೆಯನ್ನು ಜನ ಹುಡುಕುವುದು ಹಬ್ಬಕ್ಕೆ ಮುಂಚಿನ ವಾರದಲ್ಲಿ. ಆದ್ದರಿಂದ ಆ ಓದುಗರೆಲ್ಲ ಆಗಸ್ಟ್ ತಿಂಗಳ ಲೆಕ್ಕಕ್ಕೆ ಸೇರಿದ್ದರು, ಆಗಸ್ಟ್‌ಗೆ ಆಗಸ್ಟ್ ಹೋಲಿಸಿದಾಗ ಗೆರೆ ಮೇಲಕ್ಕೆ ಏರಿತ್ತು. ನಮ್ಮ ಹಬ್ಬಗಳು ಪಂಚಾಂಗದಂತೆ ನಡೆಯುವುದರಿಂದ, ಕನ್ನಡ ತಾಣಗಳ ಅಂಕಿಗಳನ್ನು ತಿಂಗಳಿಗೆ ತಿಂಗಳು ಹೋಲಿಸದೆ ಹಬ್ಬಕ್ಕೆ ಹಬ್ಬ ಹೋಲಿಸುವುದು ಸರಿಯಾದ ಕ್ರಮವೆಂದು ನಾನು ಎಲ್ಲರಿಗೂ ಹೇಳುತ್ತೇನೆ.

2025ರ ಸೆಪ್ಟೆಂಬರ್ ಮಧ್ಯದಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. ಒಂದೇ ಪುಟದಲ್ಲಿ ನೂರು ಫಲಿತಾಂಶಗಳನ್ನು ತರಿಸಿಕೊಳ್ಳುವ ಸೌಲಭ್ಯ ಗೂಗಲ್‌ನಲ್ಲಿ ನಿಂತುಹೋಯಿತು. ಶ್ರೇಯಾಂಕ ಅಳೆಯುವ ಯಂತ್ರಗಳು ಅದನ್ನೇ ಬಳಸುತ್ತಿದ್ದವು, ಅವು ಬಂದುಹೋದದ್ದೂ ಇಂಪ್ರೆಶನ್ ಆಗಿ ಎಣಿಕೆಯಾಗುತ್ತಿತ್ತು ಎಂಬುದು ಈ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಅನೇಕ ತಾಣಗಳ ಡೆಸ್ಕ್‌ಟಾಪ್ ಇಂಪ್ರೆಶನ್ ಒಮ್ಮೆಲೇ ಇಳಿಯಿತು, ಸರಾಸರಿ ಸ್ಥಾನ ಮಾತ್ರ ಉತ್ತಮಗೊಂಡಂತೆ ಕಂಡಿತು. ಹಾಗೆ ಕಳೆದುಹೋದ ಸಂಖ್ಯೆಗಾಗಿ ಯಾರೂ ನಿದ್ದೆಗೆಡಬೇಕಾಗಿಲ್ಲ.

ಇಷ್ಟನ್ನು ಕಳೆದ ಮೇಲೂ ಒಂದು ನಿಜವಾದ ನಷ್ಟ ಉಳಿದಿತ್ತು. ಹಬ್ಬಕ್ಕೆ ಸಂಬಂಧವೇ ಇಲ್ಲದ ತಂಬುಳಿ, ಪತ್ರೊಡೆ, ಅಪ್ಪೆಮಿಡಿ ಉಪ್ಪಿನಕಾಯಿಯ ಪುಟಗಳ ಕ್ಲಿಕ್ ಶೂನ್ಯಕ್ಕೆ ಇಳಿದಿತ್ತು. ಶ್ರೇಯಾಂಕ ಕಳೆದುಕೊಂಡ ಪುಟ ಮೂರನೇ ಸ್ಥಾನದಿಂದ ಒಂಬತ್ತಕ್ಕೋ ಇಪ್ಪತ್ತಕ್ಕೋ ಜಾರುತ್ತದೆಯೇ ಹೊರತು ಸಾಮಾನ್ಯವಾಗಿ ಹೀಗೆ ಇಡಿಯಾಗಿ ಮಾಯವಾಗುವುದಿಲ್ಲ. ಯಾವ ಪುಟಗಳು ಗೂಗಲ್‌ನ ಪಟ್ಟಿಯಲ್ಲಿವೆ ಎಂದು ತಿಳಿಸುವ ಕನ್ಸೋಲ್‌ನ ಇಂಡೆಕ್ಸಿಂಗ್ ವರದಿಯಲ್ಲಿ ‘ಪುಟ ಸಿಗಲಿಲ್ಲ’ ಎನ್ನುವ 404ರ ಸಾಲು ಆಗಸ್ಟ್ ಕೊನೆಯಿಂದ ಬೆಳೆಯುತ್ತಲೇ ಇತ್ತು.

ಕಾರಣ ತಿಳಿಯಲು ಪುಟಗಳ ವೆಬ್ ವಿಳಾಸಗಳನ್ನೇ ನೋಡಬೇಕಾಯಿತು. ಬ್ರೌಸರ್‌ನಲ್ಲಿ ಕನ್ನಡವಾಗಿಯೇ ಕಾಣುವ ವಿಳಾಸ ಒಳಗೆ ಸಂಕೇತಗಳಾಗಿ ಬದಲಾಗಿರುತ್ತದೆ, ‘ಕ’ ಎಂಬ ಒಂದೇ ಅಕ್ಷರ ಅಲ್ಲಿ ಒಂಬತ್ತು ಚಿಹ್ನೆಗಳ ಜಾಗ ಹಿಡಿಯುತ್ತದೆ. ಗುಣಿತದ ಚಿಹ್ನೆಗಳಿಗೂ ಅರ್ಧಾಕ್ಷರದ ‘್’ ಚಿಹ್ನೆಗೂ ತಲಾ ಒಂಬತ್ತು ಬೇಕು. ‘ಗಣೇಶ-ಚತುರ್ಥಿ’ ಎಂದು ಬರೆಯುವಷ್ಟರಲ್ಲಿ 100 ಚಿಹ್ನೆಗಳು ಮುಗಿದಿರುತ್ತವೆ. ಅವರ ತಾಣ ನಡೆಯುವ ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ, ವಿಳಾಸದೊಳಗೆ ಶೀರ್ಷಿಕೆಯಿಂದ ಬರುವ ಈ ಭಾಗಕ್ಕಿರುವ ಮಿತಿ 200. ಹೀಗಾಗಿ ಅವರ ಉದ್ದ ಶೀರ್ಷಿಕೆಗಳ ವಿಳಾಸಗಳೆಲ್ಲ ನಡುವೆಯೇ ಕತ್ತರಿಸಿಹೋಗಿದ್ದವು. ಹೊಸ ವಿನ್ಯಾಸ ಮಾಡಿಕೊಟ್ಟ ಹುಡುಗ ಇದನ್ನು ಕಂಡು, ಒಳ್ಳೆಯ ಉದ್ದೇಶದಿಂದಲೇ, ಎಲ್ಲ ವಿಳಾಸಗಳನ್ನೂ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿದ್ದ. ಒಂದೊಂದು ಬರಹವನ್ನು ತೆರೆದು ಬದಲಿಸಿದ್ದರೆ ಹಳೆಯ ವಿಳಾಸಕ್ಕೆ ಬಂದವರನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ಕಳಿಸುತ್ತಿತ್ತು. ಆತ ಡೇಟಾಬೇಸ್‌ನಲ್ಲೇ ಒಟ್ಟಿಗೆ ಬದಲಿಸಿದ್ದರಿಂದ ಆ ದಾರಿ ಮುಚ್ಚಿತ್ತು. ಏಳು ವರ್ಷ ಗಳಿಸಿದ ಮನ್ನಣೆ ಯಾರೂ ವಾಸವಿಲ್ಲದ ಹಳೆಯ ವಿಳಾಸಗಳಲ್ಲಿ ಉಳಿದುಬಿಟ್ಟಿತ್ತು.

ಬ್ಯಾಕಪ್‌ನಿಂದ ಹಳೆಯ ವಿಳಾಸಗಳ ಪಟ್ಟಿಯನ್ನು ತೆಗೆದು, ಪ್ರತಿಯೊಂದಕ್ಕೂ ಅದರ ಹೊಸ ಜೋಡಿಯನ್ನು ಹುಡುಕಿ, 301 ಎಂಬ ಶಾಶ್ವತ ಮರುನಿರ್ದೇಶನವನ್ನು ಹಾಕಿದೆವು. ಎಲ್ಲವನ್ನೂ ಮುಖಪುಟಕ್ಕೆ ಕಳಿಸಿಬಿಡುವ ಸುಲಭದ ದಾರಿ ಇತ್ತು, ಅದನ್ನು ನಾನು ಒಪ್ಪಲಿಲ್ಲ. ತಂಬುಳಿ ಕೇಳಿ ಬಂದವರಿಗೆ ಮುಖಪುಟ ತೋರಿಸಿದರೆ ಓದುಗರಿಗೂ ಪ್ರಯೋಜನವಿಲ್ಲ, ಗೂಗಲ್ ಕೂಡ ಅಂಥದ್ದನ್ನು ಸಿಗದ ಪುಟವೆಂದೇ ಎಣಿಸಬಹುದು.

ನಿಜವಾಗಿಯೇ ಅಪ್‌ಡೇಟ್‌ನ ಪೆಟ್ಟು ತಿಂದ ತಾಣಗಳ ವಿಷಯದಲ್ಲಿ ನಾನು ಇಷ್ಟು ಧೈರ್ಯ ಕೊಡಲಾರೆ. 2023ರ ಸೆಪ್ಟೆಂಬರ್‌ನ ಹೆಲ್ಪ್‌ಫುಲ್ ಕಂಟೆಂಟ್ ಅಪ್‌ಡೇಟ್ (ಓದುಗರಿಗೆ ಉಪಯುಕ್ತವಾದ ಬರಹಗಳನ್ನು ಗುರುತಿಸುವ ವ್ಯವಸ್ಥೆಯ ಬದಲಾವಣೆ) ನಂತರ ಕುಸಿದ ಅನೇಕ ಸಣ್ಣ ತಾಣಗಳು, ಆ ವ್ಯವಸ್ಥೆಯನ್ನು 2024ರ ಮಾರ್ಚ್‌ನಲ್ಲಿ ಮುಖ್ಯ ಶ್ರೇಯಾಂಕದೊಳಗೇ ಸೇರಿಸಿದ ಮೇಲೂ ಮೊದಲಿನ ಸ್ಥಿತಿಗೆ ಮರಳಲಿಲ್ಲ. ಅವುಗಳಲ್ಲಿ ಕೆಲವನ್ನು ಪ್ರಾಮಾಣಿಕವಾಗಿ, ಸ್ವಂತ ಅನುಭವದಿಂದ ಬರೆಯುವವರೇ ನಡೆಸುತ್ತಿದ್ದರು ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಅಂಥವರು ಅಪ್‌ಡೇಟ್ ಮುಗಿದ ಮೇಲೆ ಕನಿಷ್ಠ ಒಂದು ವಾರ ಬಿಟ್ಟು ಅಂಕಿಗಳನ್ನು ನೋಡಬೇಕು, ಹೆಚ್ಚು ಕುಸಿದ ಪುಟಗಳಿಗಿಂತ ಈಗ ಮೇಲಿರುವ ಪುಟಗಳು ಓದುಗರಿಗೆ ಏನನ್ನು ಹೆಚ್ಚಾಗಿ ಕೊಡುತ್ತಿವೆ ಎಂದು ಕುಳಿತು ಓದಬೇಕು. ‘ಹದಿನೈದು ದಿನಗಳಲ್ಲಿ ಮೊದಲ ಸ್ಥಾನ’ ಎಂದು ಮಾತು ಕೊಡುವವರಿಗೆ ಹಣ ಕೊಡಬಾರದು. ಇದರ ಜೊತೆಗೆ ವಾಟ್ಸ್‌ಆಪ್ ಚಾನೆಲ್, ಇಮೇಲ್ ಪಟ್ಟಿಗಳ ಮೂಲಕ ನೇರವಾಗಿ ಬರುವ ಓದುಗರನ್ನು ಬೆಳೆಸಿಕೊಳ್ಳುವುದೂ ಅಗತ್ಯ.

ಅಡುಗೆ ತಾಣದ ತಂಬುಳಿಯ ಪುಟ ಡಿಸೆಂಬರ್ ಹೊತ್ತಿಗೆ ತನ್ನ ಹಳೆಯ ಸ್ಥಾನಕ್ಕೆ ಹತ್ತಿರ ಬಂದಿತು, ಪತ್ರೊಡೆ ಇನ್ನೂ ಹಿಂದೆಯೇ ಇದೆ. ಅಳಿಸಿದ್ದ ಬರಹಗಳಲ್ಲಿ ಬ್ಯಾಕಪ್‌ನಲ್ಲಿ ಸಿಕ್ಕವನ್ನು ಮರಳಿ ಹಾಕಿದ್ದೇವೆ. ಉಳಿದವನ್ನು ಅವರು ತಮ್ಮ ಕೈಬರಹದ ಪುಸ್ತಕ ನೋಡಿಕೊಂಡು ಮತ್ತೆ ಬರೆಯುತ್ತಿದ್ದಾರೆ.