ಒಂದೇ ಜಾಗದಲ್ಲಿ ನಿಂತ ಇಬ್ಬರ ಫೋಟೋ ಬೇರೆಬೇರೆ ಬರುವುದೇಕೆ?

ಪ್ರಶ್ನೆ: ನಾನೂ ನನ್ನ ಸ್ನೇಹಿತನೂ ಕಾರವಾರದ ಕಡಲತೀರದಲ್ಲಿ ಪಕ್ಕಪಕ್ಕ ನಿಂತು ಸೂರ್ಯಾಸ್ತದ ಫೋಟೋ ತೆಗೆದೆವು. ಅವನ ಚಿತ್ರದಲ್ಲಿ ಸೂರ್ಯ ತಟ್ಟೆಯಷ್ಟಿದ್ದಾನೆ, ನನ್ನದರಲ್ಲಿ ಸಾಸಿವೆ ಕಾಳಿನಷ್ಟು, ಬಣ್ಣವೂ ಪೇಲವ. ಇದು ನನ್ನ ಕ್ಯಾಮೆರಾದ ದೋಷವೇ?

ಉತ್ತರ: ಕ್ಯಾಮೆರಾದ ದೋಷವಲ್ಲ. ಆಕಾಶದಲ್ಲಿ ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ಬೆಳಕನ್ನು ಹಿಡಿಯುವ 36 ಮಿ.ಮೀ. ಅಗಲದ ಸೆನ್ಸರ್ ಮೇಲೆ 24 ಮಿ.ಮೀ. ಸಂಗಮದೂರದ (ಫೋಕಲ್ ಲೆಂತ್) ಲೆನ್ಸ್ ಅದನ್ನು ಚಿತ್ರದ ಅಗಲದ ಸುಮಾರು 160ನೇ ಒಂದು ಭಾಗದಷ್ಟು ಮೂಡಿಸಿದರೆ, 200 ಮಿ.ಮೀ. ಲೆನ್ಸ್ ಸುಮಾರು 20ನೇ ಒಂದು ಭಾಗದಷ್ಟು ಮೂಡಿಸುತ್ತದೆ. ನಿಮ್ಮದು ಅಗಲ ನೋಟದ ಲೆನ್ಸ್, ಅವರದು ದೂರವನ್ನು ಹತ್ತಿರ ತರುವಂಥದ್ದು ಎಂದು ಇಷ್ಟರಿಂದಲೇ ಹೇಳಬಹುದು. ಬಣ್ಣ ಪೇಲವವಾಗಲು ಬಹುಮಟ್ಟಿಗೆ ಕ್ಯಾಮೆರಾ ಬಣ್ಣವನ್ನು ತಾನಾಗಿಯೇ ಸರಿದೂಗಿಸುವ ಆಟೋ ವೈಟ್ ಬ್ಯಾಲೆನ್ಸ್ ಕಾರಣ: ಸಂಜೆಯ ಕೇಸರಿಯನ್ನು ತಿದ್ದಬೇಕಾದ ತಪ್ಪೆಂದು ಭಾವಿಸಿ ಅದು ತಣ್ಣಗಾಗಿಸುತ್ತದೆ. ಅದನ್ನು ಹಗಲು ಬೆಳಕಿಗೆ, ಅಂದರೆ ಸುಮಾರು 5500 ಕೆಲ್ವಿನ್‌ಗೆ ಇಟ್ಟರೆ ಕೇಸರಿ ಉಳಿಯುತ್ತದೆ.

ಆದರೆ ಒಂದೇ ಲೆನ್ಸ್ ಕೊಟ್ಟರೂ ಇಬ್ಬರ ಚಿತ್ರಗಳು ಒಂದಾಗುವುದಿಲ್ಲ. ಶಿರಸಿಯ ಗೆಳೆಯನೊಬ್ಬನೂ ನಾನೂ ಕೆಲವು ವರ್ಷಗಳಿಂದ ಜತೆಯಾಗಿ ತಿರುಗಿ, ರಾತ್ರಿ ಮನೆಯಲ್ಲಿ ಚಿತ್ರಗಳನ್ನು ಎದುರುಬದುರು ಇಟ್ಟು ನೋಡುವ ರೂಢಿ ಇಟ್ಟುಕೊಂಡಿದ್ದೇವೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ನನ್ನ ಉಪ್ಪಿನ ರಾಶಿ ಒಲೆಯ ಬೂದಿಯಂತೆ ಬಂದಿತ್ತು, ಅವನದು ಬೆಳ್ಳಗಿತ್ತು. ಎದುರಿಗಿರುವುದು ಏನೇ ಆಗಿರಲಿ, ಕ್ಯಾಮೆರಾದ ಬೆಳಕಿನ ಮಾಪಕ ಅದನ್ನು ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ; ಅದನ್ನು ಬಲ್ಲ ಅವನು ಎಕ್ಸ್‌ಪೋಶರನ್ನು, ಅಂದರೆ ಒಳಗೆ ಬಿಡುವ ಬೆಳಕನ್ನು, ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿ) ಏರಿಸಿದ್ದ, ನಾನು ಯಂತ್ರವನ್ನು ನಂಬಿ ಕೆಟ್ಟಿದ್ದೆ. ಯಾಣದ ಕರಿ ಬಂಡೆಗಳ ಎದುರು ಇದೇ ಲೆಕ್ಕ ತಿರುಗುಮುರುಗಾಗುತ್ತದೆ: ಅಲ್ಲಿ ಇಳಿಸಬೇಕು.

ಇವೆಲ್ಲ ಕಲಿತರೆ ಬರುವಂಥವು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ರಂಪಣಿ ಬಲೆ ಎಳೆಯುವುದನ್ನು ಇಬ್ಬರೂ ತೆಗೆದ ಬೆಳಗ್ಗೆ. ದೋಣಿಯವರು ಕಡಲಿನಲ್ಲಿ ಅರೆವೃತ್ತವಾಗಿ ಬಲೆ ಬಿಟ್ಟು ಬಂದ ಮೇಲೆ ದಡದಲ್ಲಿ ಎರಡೂ ತುದಿಗಳಿಂದ ಜನ ಸಾಲುಗಟ್ಟಿ ಹಗ್ಗ ಎಳೆಯುತ್ತಾರೆ. ಗೆಳೆಯ ಮೊಣಕಾಲು ನೀರಿಗಿಳಿದು ಹಗ್ಗಕ್ಕೆ ಅಂಟಿಕೊಂಡಂತೆ ನಿಂತ. ಅವನ ಚಿತ್ರದಲ್ಲಿ ಹಗ್ಗ ಹಿಡಿದ ಒಂದು ಮುಷ್ಟಿ, ಹಿಂದಿನ ದೋಣಿಗಿಂತ ದೊಡ್ಡದಾಗಿ, ಗೆಣ್ಣುಗಳ ಮೇಲಿನ ಮರಳಿನ ಕಣವೂ ಎಣಿಸಲು ಸಿಗುವಂತೆ ಕಾಣುತ್ತದೆ. ನಾನು ಬಹಳ ದೂರದಲ್ಲಿ, ಗಾಳಿಮರಗಳ ಬುಡದಲ್ಲಿದ್ದೆ. ನನ್ನದರಲ್ಲಿ ಬಾಗಿದ ಬೆನ್ನುಗಳೆಲ್ಲ ಒಂದಕ್ಕೊಂದು ತಾಗಿ, ಕಡಲಿನಲ್ಲಿರುವ ಗುಡ್ಡ ಅವರ ತಲೆಯ ಹಿಂದೆಯೇ ಎದ್ದು ನಿಂತಂತಿದೆ. ಇದನ್ನು ಲೆನ್ಸಿನ ಮಾಯೆ ಎನ್ನುವವರುಂಟು, ಅದು ಸರಿಯಲ್ಲ. ವಸ್ತುಗಳ ನಡುವಿನ ಅಂತರ ಹಿಗ್ಗಿದಂತೆಯೋ ಕುಗ್ಗಿದಂತೆಯೋ ತೋರುವುದು ನಾವು ನಿಂತ ದೂರದಿಂದ. ಲೆನ್ಸ್ ಆ ನೋಟದಲ್ಲಿ ಎಷ್ಟನ್ನು ಕತ್ತರಿಸಿ ಕೊಡಬೇಕೆಂಬುದನ್ನಷ್ಟೇ ತೀರ್ಮಾನಿಸುತ್ತದೆ.

ಅವನು ನೀರಿಗಿಳಿದದ್ದೇಕೆ, ನಾನು ಹಿಂದೆ ಸರಿದದ್ದೇಕೆ? ಕಡಲ ಬದಿಯಲ್ಲೇ ಬೆಳೆದ ನನಗೆ ಬಲೆ ಎಳೆಯುವ ಕೈಗಳು ಹೊಸದಲ್ಲ, ಹಾಗಾಗಿ ಕಣ್ಣು ಸಾಲಿನ ಆಕಾರವನ್ನು ಹುಡುಕಿತು. ಘಟ್ಟದ ಮೇಲಿನವನಾದ ಅವನಿಗೆ ಆ ಕೈಗಳೇ ಸೋಜಿಗವಾಗಿದ್ದವು. ಮುಂದೆ ಅಡಿಕೆ ಕೊಯ್ಲಿನ ಹೊತ್ತಿಗೆ ಅವನ ಮನೆಗೆ ಹೋದಾಗ ಇದು ಖಾತ್ರಿಯಾಯಿತು. ನಾನು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಅಡಿಕೆಯ ಚೊಗರಿನಿಂದ (ಕಲೆ ಹಿಡಿಸುವ ರಸ) ಕಪ್ಪಾದ ಬೆರಳುಗಳನ್ನೇ ತೆಗೆಯುತ್ತಿದ್ದರೆ, ಅವನು ಅಂಗಳದಾಚೆಯ ದಿಬ್ಬವೇರಿ ತೋಟದ ಮರಗಳ ಸಾಲನ್ನು ತೆಗೆದುಕೊಂಡು ಬಂದ. "ಇದರಲ್ಲಿ ಎಂತ ಉಂಟು ಅಂತ ತೆಗೀತಿ ಮಾರಾಯ?" ಎಂದು ನನ್ನನ್ನೇ ಕೇಳಿದ.

ಆದ್ದರಿಂದ ನಿಮ್ಮ ಸ್ನೇಹಿತರೊಂದಿಗೆ ಒಂದು ಸಂಜೆ ಕ್ಯಾಮೆರಾಗಳನ್ನು ಅದಲುಬದಲು ಮಾಡಿಕೊಂಡು, ಅದೇ ತೀರದಲ್ಲಿ ಮತ್ತೊಮ್ಮೆ ತೆಗೆದು ನೋಡಿ. ಸೂರ್ಯನ ಗಾತ್ರ ಕ್ಯಾಮೆರಾದ ಜತೆ ಹೋಗುತ್ತದೆ. ಚಿತ್ರದೊಳಗೆ ದೋಣಿ ಬಂತೇ, ಮನುಷ್ಯರು ಬಂದರೇ, ಬರಿಯ ನೀರೇ ಉಳಿಯಿತೇ ಎಂಬುದು ನಿಮ್ಮ ಜತೆಗೇ ಉಳಿದಿರುತ್ತದೆ. ಬಿಂಬ ನೀರನ್ನು ಮುಟ್ಟಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷಕ್ಕಿಂತ ತುಸುವೇ ಹೆಚ್ಚು ಹಿಡಿಯುವುದರಿಂದ, ಅದಲುಬದಲನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.