ಕೋಡ್ ಬೇಡ, ಕೀ ಬೇಕು: ಜೀನ್ಸ್ ಯೂನಿಟ್‌ಗೊಂದು ಆ್ಯಪ್

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಸುವವರಿಗಾಗಲಿ, ಗಂಗಾವತಿಯಲ್ಲಿ ಭತ್ತದ ವ್ಯಾಪಾರ ಮಾಡುವವರಿಗಾಗಲಿ ‘ನಿಮ್ಮ ಲೆಕ್ಕಕ್ಕೆ ನೀವೇ ಒಂದು ಆ್ಯಪ್ ಮಾಡಿಕೊಳ್ಳಿ’ ಎಂದು ಹೇಳಿ ನೋಡಿ. ‘ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಕು, ಬೆಂಗಳೂರಿನ ಕಂಪನಿಯವರೇ ಆಗಬೇಕು’ ಎನ್ನುವವರು ಅರ್ಧ ಜನ. ವಿಡಿಯೊ ನೋಡಿ ಬಂದ ಉಳಿದವರು ‘ಈಗ ಎಲ್ಲಾ ಪುಕ್ಕಟೆ, ಒಂದು ಗಂಟೆಯಲ್ಲಿ ಆ್ಯಪ್ ರೆಡಿ’ ಎನ್ನುತ್ತಾರೆ. ಎರಡೂ ತಪ್ಪು. ಎರಡನೆಯದರಿಂದ ಆಗುವ ಹಾನಿ ಹೆಚ್ಚು. ಅದನ್ನು ನಂಬಿ ಶುರು ಮಾಡಿದವರು ಶನಿವಾರದ ಬಟವಾಡೆಗೆ ಲೆಕ್ಕ ತಾಳೆಯಾಗದೆ ಮತ್ತೆ ನೋಟ್‌ಬುಕ್ ಹಿಡಿಯುತ್ತಾರೆ. ‘ಆ್ಯಪ್ ನಂಬಬಾರದು’ ಎಂಬ ಮಾತು ಇಡೀ ಓಣಿಗೆ ಹಬ್ಬುತ್ತದೆ. ತಪ್ಪಿದ್ದದ್ದು ಆ್ಯಪ್‌ನಲ್ಲಲ್ಲ, ಅದರ ಕೆಳಗಿದ್ದ ಕೋಷ್ಟಕದಲ್ಲಿ.

ಕೋಡ್ ಬರೆಯದೆಯೇ ಆ್ಯಪ್ ಕಟ್ಟಲು ಬಿಡುವ ‘ನೋ-ಕೋಡ್’ ಸಾಧನಗಳ ಗುಟ್ಟೇ ಕೋಷ್ಟಕ. 1960ರ ದಶಕದ ಡೇಟಾಬೇಸ್‌ಗಳಲ್ಲಿ ಒಂದು ಮಾಹಿತಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಪ್ರೋಗ್ರಾಮರ್ ಹೆಜ್ಜೆಹೆಜ್ಜೆಯಾಗಿ ಬರೆಯಬೇಕಿತ್ತು. ದಾರಿ ಬದಲಾದರೆ ಪ್ರೋಗ್ರಾಮೂ ಮುರಿದುಬೀಳುತ್ತಿತ್ತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಎಂಬ ಗಣಿತಜ್ಞ ಒಂದು ಪ್ರಬಂಧ ಪ್ರಕಟಿಸಿದರು. ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿಡಿ, ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಒಳಗಿನ ಮೌಲ್ಯಗಳಿಂದಲೇ ತೋರಿಸಿ, ಏನು ಬೇಕೆಂದು ಮಾತ್ರ ಕೇಳಿ, ಹುಡುಕುವ ದಾರಿಯನ್ನು ಯಂತ್ರವೇ ನೋಡಿಕೊಳ್ಳಲಿ ಎಂಬುದು ಅದರ ಸಾರ. 1981ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. 1979ರ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಪ್ರೋಗ್ರಾಂ ಸಾಲು-ಕಾಲಂಗಳ ಹಾಳೆಯನ್ನು ಅಂಗಡಿಯವರ ಮೇಜಿಗೂ ತಂದಿತು. ಇವತ್ತು ಗೂಗಲ್‌ನ ನೋ-ಕೋಡ್ ಸಾಧನ ಆ್ಯಪ್‌ಶೀಟ್ ಮಾಡುವ ಕೆಲಸ ಈ ಎರಡರ ಮೇಲೆ ನಿಂತಿದೆ. ನಿಮ್ಮ ಗೂಗಲ್ ಶೀಟ್‌ನ ಕಾಲಂಗಳನ್ನು ಓದಿ, ಇದು ದಿನಾಂಕ, ಇದು ಸಂಖ್ಯೆ, ಇದು ಬೇರೆ ಹಾಳೆಯ ಸಾಲನ್ನು ತೋರಿಸುವ ಕಾಲಂ ಎಂದು ಗುರುತಿಸಿ, ಅದಕ್ಕೆ ಹೊಂದುವ ಫಾರಂ ಮತ್ತು ಪಟ್ಟಿಯನ್ನು ಮೊಬೈಲಿನಲ್ಲಿ ತಾನೇ ಕಟ್ಟುತ್ತದೆ. ಕೋಷ್ಟಕ ಸರಿಯಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ.

ಪೀಸ್ ರೇಟಿನ ಮೇಲೆ ನಡೆಯುವ ಹೊಲಿಗೆ ಯೂನಿಟ್‌ಗೆ ನಾಲ್ಕು ಹಾಳೆ ಸಾಕು. ಲಾಟ್‌ಗಳದು (ಒಟ್ಟಿಗೆ ಹೊಲಿಗೆಗೆ ಬರುವ ಪೀಸ್‌ಗಳ ಗುಂಪು) ಒಂದು, ಟೈಲರ್‌ಗಳದು ಒಂದು, ಪಾಕೆಟ್, ಜಿಪ್, ಬೆಲ್ಟ್ ಎಂಬ ಕೆಲಸಗಳು ಮತ್ತು ಅವುಗಳ ದರದ್ದು ಒಂದು. ನಾಲ್ಕನೆಯದು ದಿನದ ಎಂಟ್ರಿ: ಯಾವ ದಿನ, ಯಾವ ಲಾಟ್, ಯಾರು, ಯಾವ ಕೆಲಸ, ಎಷ್ಟು ಪೀಸ್. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಟೈಲರ್‌ನ ಫೋನ್ ನಂಬರ್ ಬದಲಾದಾಗ ನೂರಾರು ಸಾಲು ತಿದ್ದಬೇಕಾಗುತ್ತದೆ.

ಈಗ ಕೀ ವಿಷಯಕ್ಕೆ ಬರೋಣ. ಹೆಚ್ಚಿನವರು ಎಡವುವುದು ಇಲ್ಲೇ. ಪ್ರತಿ ಸಾಲಿಗೂ ಬೇರೆ ಯಾವ ಸಾಲಿಗೂ ಇಲ್ಲದ, ಎಂದೂ ಬದಲಾಗದ ಒಂದು ಗುರುತು ಬೇಕು. ಅದೇ ಕೀ. ಹೊಲದ ಸರ್ವೆ ನಂಬರ್ ಇದ್ದ ಹಾಗೆ: ಹೊಲ ಅಪ್ಪನಿಂದ ಮಗನ ಹೆಸರಿಗೆ ಬಂದರೂ, ಸಜ್ಜೆ ಬಿಟ್ಟು ಭತ್ತ ಹಚ್ಚಿದರೂ ನಂಬರ್ ಅದೇ. ಹೆಸರನ್ನೇ ಕೀ ಮಾಡಿದರೆ ಒಂದೇ ಯೂನಿಟ್‌ನಲ್ಲಿ ಇಬ್ಬರು ಹುಸೇನಮ್ಮ ಇದ್ದಾಗ ಒಬ್ಬರ ಕೂಲಿ ಇನ್ನೊಬ್ಬರ ಲೆಕ್ಕಕ್ಕೆ ಸೇರುತ್ತದೆ. ಫೋನ್ ನಂಬರ್ ಸಿಮ್ ಬದಲಾದ ದಿನ ಕೆಡುತ್ತದೆ. ಸಾಲಿನ ಸಂಖ್ಯೆಯಂತೂ ಮಧ್ಯದ ಒಂದು ಸಾಲು ಅಳಿಸಿದರೆ ಕೆಳಗಿನವೆಲ್ಲ ಮೇಲೆ ಸರಿದು ಅರ್ಥವನ್ನೇ ಕಳೆದುಕೊಳ್ಳುತ್ತದೆ.

‘ಹಾಗಾದರೆ 1, 2, 3 ಎಂದು ಕ್ರಮವಾಗಿ ಕೊಡುತ್ತಾ ಹೋಗೋಣ’ ಎಂಬುದು ಎಲ್ಲರಿಗೂ ಹೊಳೆಯುವ ಉಪಾಯ. ಒಂದೇ ಫೋನಿದ್ದರೆ ಅದು ನಡೆಯುತ್ತದೆ. ಕಟಿಂಗ್ ವಿಭಾಗದಲ್ಲೊಂದು, ಹೊಲಿಗೆ ಶೆಡ್ಡಿನಲ್ಲೊಂದು ಫೋನಿದ್ದು, ಶೆಡ್ಡಿನೊಳಗೆ ನೆಟ್‌ವರ್ಕ್ ಸಿಗುವುದಿಲ್ಲ ಎಂದುಕೊಳ್ಳಿ. ಎರಡರಲ್ಲೂ ಕೊನೆಯ ಎಂಟ್ರಿ 240. ಇಬ್ಬರೂ ಹೊಸದನ್ನು ಬರೆಯುತ್ತಾರೆ, ಎರಡೂ ಫೋನ್ 241 ಎಂದು ಕೊಡುತ್ತವೆ. ಸಂಜೆ ನೆಟ್‌ವರ್ಕ್ ಸಿಕ್ಕು ಎರಡೂ ಫೋನಿನ ಎಂಟ್ರಿಗಳು ಶೀಟ್‌ಗೆ ಸೇರಿದಾಗ (ಸಿಂಕ್) ಒಂದು ಎಂಟ್ರಿ ಇನ್ನೊಂದನ್ನು ತುಳಿದುಹಾಕಬಹುದು. ಯಾವ ಎಚ್ಚರಿಕೆಯೂ ಕಾಣದೆ ಒಬ್ಬ ಟೈಲರ್‌ನ ದಿನದ ದುಡಿಮೆ ಮಾಯವಾಗುತ್ತದೆ.

ಇದಕ್ಕೆ ಪರಿಹಾರ ಬಲು ಚೆಂದದ್ದು: ಒಬ್ಬರನ್ನೊಬ್ಬರು ಕೇಳದೆಯೇ ಪ್ರತಿ ಫೋನೂ ಯದೃಚ್ಛೆಯಾಗಿ ಒಂದು ಗುರುತು ಹುಟ್ಟಿಸಲಿ. ಆ್ಯಪ್‌ಶೀಟ್‌ನಲ್ಲಿ ಐಡಿ ಕಾಲಂನ ‘ಇನಿಶಿಯಲ್ ವ್ಯಾಲ್ಯೂ’ (ಹೊಸ ಸಾಲು ಹುಟ್ಟುವಾಗ ತಾನೇ ತುಂಬುವ ಮೌಲ್ಯ) ಜಾಗದಲ್ಲಿ ಯುನೀಕ್‌ಐಡಿ ಫಾರ್ಮುಲಾ ಹಾಕಿದರೆ ಎಂಟು ಅಕ್ಷರಗಳ ಗುರುತು ಬರುತ್ತದೆ. ಒಂದೊಂದು ಜಾಗಕ್ಕೆ 16 ಚಿಹ್ನೆಗಳನ್ನಷ್ಟೇ ಬಳಸಿದರೂ ಸುಮಾರು 429 ಕೋಟಿ ಬೇರೆಬೇರೆ ಗುರುತು ಸಾಧ್ಯ. ಆದರೆ ಎರಡು ಗುರುತು ಡಿಕ್ಕಿಯಾಗುವ ಸಾಧ್ಯತೆ ಸಾಲುಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ ಏರುತ್ತದೆ, ಏಕೆಂದರೆ ಪ್ರತಿ ಸಾಲನ್ನೂ ಉಳಿದ ಎಲ್ಲದರ ಜೊತೆ ಜೋಡಿ ಮಾಡಿ ನೋಡಬೇಕು. 10,000 ಸಾಲಿನಲ್ಲಿ ಎಲ್ಲೋ ಒಂದು ಜೋಡಿ ಒಂದೇ ಆಗುವ ಸಾಧ್ಯತೆ ಶೇ 1ರ ಆಸುಪಾಸು. ಒಂದು ಲಕ್ಷ ಸಾಲಾದರೆ ಅದು ಶೇ 70ರ ಹತ್ತಿರ ಹೋಗುತ್ತದೆ. ದಿನದ ಎಂಟ್ರಿಯ ಹಾಳೆ ಬೇಗ ಬೆಳೆಯುವಂಥದ್ದು, ಹಾಗಾಗಿ ಅದಕ್ಕೆ ಯುಯುಐಡಿ ಎಂಬ ಇನ್ನೂ ಉದ್ದನೆಯ ಯದೃಚ್ಛಾ ಗುರುತನ್ನೇ ಕೊಡಿ. ಟೈಲರ್‌ಗಳ ಹಾಳೆಗೆ ಎಂಟು ಅಕ್ಷರ ಧಾರಾಳ ಸಾಕು.

ಕೀ ಆದ ಮೇಲೆ ದರ. ಪಾಕೆಟ್‌ಗೆ 3 ರೂಪಾಯಿ ಇದ್ದದ್ದು ದೀಪಾವಳಿಗೆ ಮೂರೂವರೆ ಆಯಿತು ಎಂದಿಟ್ಟುಕೊಳ್ಳಿ. ಮೊತ್ತವನ್ನು ವರ್ಚುವಲ್ ಕಾಲಂನಲ್ಲಿ (ಶೀಟ್‌ನಲ್ಲಿ ಉಳಿಯದೆ ಆ್ಯಪ್ ಆಗಾಗ ಲೆಕ್ಕ ಹಾಕುವ ಕಾಲಂ), ದರದ ಹಾಳೆಯಿಂದ ನೇರವಾಗಿ ಲೆಕ್ಕ ಹಾಕಿಸಿದ್ದರೆ ದರ ತಿದ್ದಿದ ಕ್ಷಣವೇ ಕಳೆದ ಆರು ತಿಂಗಳ ಕೂಲಿಯೆಲ್ಲ ಮೂರೂವರೆಯಂತೆ ಬದಲಾಗಿ ಕೂರುತ್ತದೆ. ದಿನದ ಎಂಟ್ರಿಯಲ್ಲೇ ‘ದರ’ ಎಂಬ ಕಾಲಂ ಇಟ್ಟು, ಅದರ ಇನಿಶಿಯಲ್ ವ್ಯಾಲ್ಯೂನಲ್ಲಿ [ಕೆಲಸ].[ದರ], ಅಂದರೆ ಆರಿಸಿದ ಕೆಲಸದ ದರ, ಎಂದು ಬರೆಯಿರಿ. ಎಂಟ್ರಿ ಮಾಡಿದ ದಿನದ ದರ ಆ ಸಾಲಿನಲ್ಲಿ ಅಚ್ಚಾಗಿ ಉಳಿಯುತ್ತದೆ. ಅದೇ ಫಾರ್ಮುಲಾವನ್ನು ‘ಆ್ಯಪ್ ಫಾರ್ಮುಲಾ’ ಜಾಗದಲ್ಲಿ ಹಾಕಬೇಡಿ, ಸಾಲನ್ನು ಮತ್ತೆ ತಿದ್ದಿದಾಗಲೆಲ್ಲ ಅದು ಹೊಸ ದರ ತಂದು ಕೂರಿಸುತ್ತದೆ.

ಶೀಟ್ ತೆರೆದ ಮೊದಲ ದಿನವೇ ಫೈಲ್, ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ (ಯಾವ ದೇಶದ ರೀತಿಯಲ್ಲಿ ದಿನಾಂಕ ಓದಬೇಕು ಎಂಬುದು) ‘ಇಂಡಿಯಾ’ ಎಂದಿದೆಯೇ ನೋಡಿ. ಅದು ಅಮೆರಿಕದ್ದಾಗಿದ್ದರೆ ಏಪ್ರಿಲ್ 3 ಎಂದು ನೀವು ಹೊಡೆದ 03/04 ಮಾರ್ಚ್ 4 ಆಗುತ್ತದೆ. 13ನೇ ತಾರೀಖಿನಿಂದ ಮುಂದಿನವು ದಿನಾಂಕವೇ ಅಲ್ಲದೆ ಬರೀ ಅಕ್ಷರಗಳಾಗಿ ಉಳಿಯುತ್ತವೆ. ಪೀಸ್ ಕಾಲಂನಲ್ಲಿ ಯಾರಾದರೂ ‘50 ಪೀಸ್’ ಎಂದು ಬರೆದರೂ ಅದೇ ಗತಿ, ಕಾಲಂ ಕೂಡಿಸುವ ‘ಸಮ್’ ಫಾರ್ಮುಲಾ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಹಿಡಿಯುವ ದಾರಿ ಸುಲಭ: ಅದೇ ಕಾಲಂಗೆ ಕೌಂಟ್ ಮತ್ತು ಕೌಂಟ್‌ಎ ಫಾರ್ಮುಲಾ ಎರಡನ್ನೂ ಹಾಕಿ. ಮೊದಲನೆಯದು ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ, ಎರಡನೆಯದು ಖಾಲಿಯಿಲ್ಲದ ಎಲ್ಲವನ್ನೂ. ತಲೆಬರಹದ ಸಾಲು ಬಿಟ್ಟು ಎರಡೂ ಒಂದೇ ಬಂದರೆ ಸರಿ.

ದುಡ್ಡಿನ ಮಾತು. ಆ್ಯಪ್‌ಶೀಟ್‌ನಲ್ಲಿ ಕಟ್ಟಿ, 10 ಜನರ ತನಕ ಪರೀಕ್ಷೆ ಮಾಡುವುದು ಪುಕ್ಕಟೆ. ನಿತ್ಯದ ಬಳಕೆಗೆ ಇಳಿಸಿದರೆ ಕೆಳಗಿನ ಪ್ಲಾನ್‌ಗೆ ಒಬ್ಬ ಬಳಕೆದಾರರಿಗೆ ತಿಂಗಳಿಗೆ 5 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದು, ಶೇ 18 ಜಿಎಸ್‌ಟಿ ಸೇರಿಸಿದರೆ 501 ರೂಪಾಯಿ 50 ಪೈಸೆ. 30 ಟೈಲರ್‌ಗಳಿಗೂ ಲಾಗಿನ್ ಕೊಟ್ಟರೆ ತಿಂಗಳಿಗೆ 15,045 ರೂಪಾಯಿ, ಯಾವ ಸಣ್ಣ ಯೂನಿಟ್‌ಗೂ ಅದು ಭಾರವೇ. ಎಂಟ್ರಿ ಹೊಡೆಯುವ ಇಬ್ಬರು ಮೇಸ್ತ್ರಿಗಳಿಗೆ ಮಾತ್ರ ಕೊಟ್ಟರೆ 1,003 ರೂಪಾಯಿ. ಖರ್ಚನ್ನು ನಿರ್ಧರಿಸುವುದು ಎಷ್ಟು ಜನರ ಲೆಕ್ಕ ಇಡುತ್ತೀರಿ ಎಂಬುದಲ್ಲ, ಎಷ್ಟು ಜನ ಆ್ಯಪ್ ಬಳಸುತ್ತಾರೆ ಎಂಬುದು. ಟೈಲರ್‌ಗಳಿಗೆ ಅವರವರ ವಾರದ ಲೆಕ್ಕವನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಕು.

ಒಂದೇ ಫೋನಿನ ಕೆಲಸವಾದರೆ ಅಷ್ಟೂ ಬೇಡ. ಗೂಗಲ್‌ನಲ್ಲಿ ಹುಟ್ಟಿ ಎಂಐಟಿಗೆ ಹೋದ ಆ್ಯಪ್ ಇನ್ವೆಂಟರ್ ಪೂರ್ತಿ ಪುಕ್ಕಟೆ. ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ) ಫೈಲ್ ಮಾಡಿಕೊಂಡು ನೇರವಾಗಿ ಫೋನಿಗೆ ಹಾಕಬಹುದು. 75 ಕೆ.ಜಿ. ಚೀಲದ ಭತ್ತದ ತೂಕವನ್ನು ಕ್ವಿಂಟಲ್‌ಗೆ ತಿರುಗಿಸಿ ದರ ಕಟ್ಟುವ ಆ್ಯಪ್‌ಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಪ್ಲೇ ಸ್ಟೋರ್‌ಗೇ ಹಾಕಬೇಕೆಂಬ ಹಟವಿದ್ದರೆ ಒಂದು ಸಲ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಜನ ಸತತ 14 ದಿನ ಪರೀಕ್ಷಿಸಿರಬೇಕು. ನಿಮ್ಮ ಯೂನಿಟ್ಟಿನ ಒಳಗಿನ ಲೆಕ್ಕಕ್ಕೆ ಅದರ ಗೊಡವೆಯೇ ಬೇಡ.

ಶುರು ಮಾಡುವ ಮೊದಲೇ ತಿಳಿದಿರಬೇಕಾದ್ದು ಇನ್ನೊಂದಿದೆ. ಆ್ಯಪ್‌ಶೀಟ್‌ನಲ್ಲಿ ಕಟ್ಟಿದ ಆ್ಯಪನ್ನು ಎತ್ತಿಕೊಂಡು ಬೇರೆ ನೋ-ಕೋಡ್ ಸಾಧನಕ್ಕೆ ಹೋಗಲು ಬರುವುದಿಲ್ಲ. ಆದರೆ ಲೆಕ್ಕವೆಲ್ಲ ಇರುವುದು ನಿಮ್ಮದೇ ಗೂಗಲ್ ಖಾತೆಯ ಶೀಟ್‌ನಲ್ಲಿ. ಬೆಲೆ ಏರಿದರೆ ಶೀಟ್ ಹಿಡಿದುಕೊಂಡು ಹೊರಡಬಹುದು. ಖಾತೆಯನ್ನು ಮಾಲೀಕರ ಹೆಸರಿನಲ್ಲೇ ತೆರೆಯಿರಿ, ಆ್ಯಪ್ ಕಟ್ಟಿಕೊಟ್ಟ ಹುಡುಗನ ಖಾತೆಯಲ್ಲಿ ಬೇಡ. ಶೀಟ್‌ನ ಲಿಂಕ್ ಸಿಕ್ಕವರೆಲ್ಲ ನೋಡುವಂತೆ ಇಡಬೇಡಿ, ಟೈಲರ್‌ಗಳ ಆಧಾರ್ ನಂಬರನ್ನಂತೂ ಅದರಲ್ಲಿ ಬರೆಯಲೇಬೇಡಿ. ತಿಂಗಳಿಗೊಮ್ಮೆ, ಬಟವಾಡೆ ಮುಗಿದ ಮೇಲೆ, ಇಡೀ ಶೀಟನ್ನು ಎಕ್ಸೆಲ್ ಫೈಲಾಗಿ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ.