ಹಳೆಯ ಸ್ಪೀಕರ್‌ಗಳ ಹೋಲಿಕೆ: ಕಿವಿ ಎಲ್ಲಿ ಮೋಸ ಹೋಗುತ್ತದೆ?

1915ರಿಂದ ಸುಮಾರು ಹತ್ತು ವರ್ಷ ಎಡಿಸನ್ ಕಂಪನಿ ಅಮೆರಿಕದ ಊರೂರಿನಲ್ಲಿ ‘ಟೋನ್ ಟೆಸ್ಟ್’ ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಧ್ವನಿಮುದ್ರಿಕೆ ನುಡಿಸುವ ಫೋನೋಗ್ರಾಫ್ ಪೆಟ್ಟಿಗೆ. ಹಾಡಿನ ನಡುವೆ ದೀಪ ಆರುತ್ತಿತ್ತು. ಮತ್ತೆ ಬೆಳಕು ಬಂದಾಗ ಗಾಯಕಿ ಮಾಯ, ಹಾಡು ಮಾತ್ರ ಮುಂದುವರಿದಿರುತ್ತಿತ್ತು. ಜನ ಬೆರಗಾದರು. ಆದರೆ ಆ ಪೆಟ್ಟಿಗೆಯಲ್ಲಿ ನೆಟ್ಟಗೆ ಮಂದ್ರವೂ ಇರಲಿಲ್ಲ, ತಾರದ ಹೊಳಪೂ ಇರಲಿಲ್ಲ. ಗಾಯಕಿಯರೇ ದನಿಯನ್ನು ಯಂತ್ರದ ಮಟ್ಟಕ್ಕೆ ಇಳಿಸಿಕೊಳ್ಳುತ್ತಿದ್ದರು. ಅನ್ನಾ ಕೇಸ್ ಎಂಬ ಗಾಯಕಿ ಬಹಳ ವರ್ಷಗಳ ಮೇಲೆ ಅದನ್ನು ಒಪ್ಪಿಕೊಂಡರು.

1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲ್ಲಾಗ್ ಮೂವಿಂಗ್ ಕಾಯಿಲ್ (ಅಯಸ್ಕಾಂತದ ನಡುವೆ ಆಡುವ ತಂತಿಸುರುಳಿ ಕೋನನ್ನು, ಅಂದರೆ ಶಂಕುವಿನಾಕಾರದ ಪೊರೆಯನ್ನು, ಅಲುಗಿಸುವ) ಸ್ಪೀಕರಿನ ವಿವರ ಪ್ರಕಟಿಸಿದರು. ಇಂದಿನ ಬಹುಪಾಲು ಸ್ಪೀಕರುಗಳು ಅದೇ ವಂಶದವು. ಆಮೇಲೆ ದಾರಿಗಳು ಕವಲೊಡೆದವು. 1946ರಲ್ಲಿ ಪಾಲ್ ಕ್ಲಿಪ್ಶ್ ಕೋಣೆಯ ಮೂಲೆಯ ಗೋಡೆಗಳನ್ನೇ ಹಾರ್ನಿನ (ಸದ್ದನ್ನು ಹಿಗ್ಗಿಸುವ ಕಹಳೆಯಂಥ ಬಾಯಿಯ) ಭಾಗವಾಗಿಸಿದ ಕ್ಲಿಪ್ಶ್‌ಹಾರ್ನ್ ತಂದರು. 1954ರಲ್ಲಿ ಎಡ್ಗರ್ ವಿಲ್ಚರ್ ತಮ್ಮ ಎಆರ್ (ಅಕೂಸ್ಟಿಕ್ ರಿಸರ್ಚ್) ಕಂಪನಿಯ ಎಆರ್-1ರಲ್ಲಿ ಗಾಳಿಯಾಡದ ಪುಟ್ಟ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. 1957ರಲ್ಲಿ ಪೀಟರ್ ವಾಕರ್ ಅವರ ಕ್ವಾಡ್ ಇಎಸ್‌ಎಲ್ ಪೆಟ್ಟಿಗೆಯನ್ನೇ ಬಿಟ್ಟಿತು: ತೆಳು ಪೊರೆ, ಹಿಂದಕ್ಕೂ ಮುಂದಕ್ಕೂ ಸದ್ದು. 1970ರ ದಶಕದಲ್ಲಿ ಬಿಬಿಸಿಯ ಎಲ್‌ಎಸ್3/5ಎ ಬಂತು; ಪ್ರಸಾರದ ವ್ಯಾನಿನಂಥ ಇಕ್ಕಟ್ಟಾದ ಜಾಗದಲ್ಲಿ ಮಾತಿನ ದನಿ ಸರಿಯಾಗಿ ಕೇಳಲೆಂದು ಮಾಡಿದ್ದು.

ಈ ನಾಲ್ಕನ್ನೂ ಒಂದೇ ಜಾಗದಲ್ಲಿಟ್ಟು ‘ಯಾವುದು ಚೆನ್ನ?’ ಎಂದು ಕೇಳಿದರೆ ಪ್ರಶ್ನೆಯೇ ಕೆಟ್ಟಿತು. ಮೂಲೆಯಿಂದ ಈಚೆ ತಂದ ಕ್ಲಿಪ್ಶ್‌ಹಾರ್ನ್ ಮಂದ್ರ ಕಳೆದುಕೊಳ್ಳುತ್ತದೆ. ಗೋಡೆಗೆ ಆನಿಸಿದ ಕ್ವಾಡ್ ಗೋಜಲಾಗುತ್ತದೆ, ಅದಕ್ಕೆ ಹಿಂದೆ ಒಂದು ಮೀಟರಾದರೂ ಬಯಲು ಬೇಕು. ಹಳೆಯ ಸ್ಪೀಕರಿನ ಅರ್ಧ ಭಾಗ ಅದನ್ನಿಡುವ ಕೋಣೆ.

ಹೋಲಿಕೆಯಲ್ಲಿ ಪ್ರಾಮಾಣಿಕ ಪ್ರಯತ್ನ ಮಾಡಿದವರಲ್ಲಿ ಎಆರ್ ಕಂಪನಿಯೂ ಒಂದು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ತಂಡ ವೇದಿಕೆಯಲ್ಲಿ ನುಡಿಸುತ್ತಾ ನಡುನಡುವೆ ಕಮಾನು ಆಡಿಸುವಂತೆ ನಟಿಸುತ್ತಿತ್ತು, ಆಗ ಕಂಪನಿಯ ಎಆರ್-3 ಸ್ಪೀಕರ್ ಧ್ವನಿಮುದ್ರಿಕೆ ನುಡಿಸುತ್ತಿತ್ತು. ಸಭಾಂಗಣದ ಅನುರಣನ ಎರಡು ಸಲ ಸೇರದಂತೆ, ಮುದ್ರಣವನ್ನು ಪ್ರತಿಧ್ವನಿ ಇಲ್ಲದ ಕಡೆ ಮಾಡಿಕೊಂಡಿದ್ದರು. ಬಿಬಿಸಿಯ ರೀತಿ ಇನ್ನೂ ಸರಳ: ಸ್ಟುಡಿಯೋದಲ್ಲಿ ಮಾತಾಡುವವನ ದನಿ ಕೇಳಿ, ಪಕ್ಕದ ಕೋಣೆಗೆ ನಡೆದು ಬಂದು ಮಾನಿಟರ್ ಸ್ಪೀಕರಿನಲ್ಲಿ ಅದೇ ದನಿ ಕೇಳುವುದು. ಎರಡಕ್ಕೂ ಅಸಲಿ ಎಂಬುದೊಂದು ಅಳತೆಗೋಲು ಇತ್ತು. ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ಬದಲಿಸಿ ಕೇಳಿಸುವ ಅಂಗಡಿಯ ಸ್ವಿಚ್‌ಬೋರ್ಡಿಗೆ ಅದು ಇರಲಿಲ್ಲ; ಅಲ್ಲಿ ಜೋರಾಗಿ ಕೇಳಿದ್ದೇ ಗೆಲ್ಲುತ್ತಿತ್ತು.

ಇದಕ್ಕೆ ಕಾರಣ ನಮ್ಮ ಕಿವಿ. ಸದ್ದು ಕಡಿಮೆಯಾದಂತೆ ಮಂದ್ರ ಅದಕ್ಕಿಂತ ಬೇಗ ಕರಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಕ್ಲಿಪ್ಶ್‌ಹಾರ್ನ್ ಎಲ್‌ಎಸ್3/5ಎಗಿಂತ ಸುಮಾರು 20 ಡೆಸಿಬೆಲ್ ಸೂಕ್ಷ್ಮ. ಅಂದರೆ ಅಷ್ಟೇ ಸದ್ದಿಗೆ ಎಲ್‌ಎಸ್3/5ಎ ನೂರರಷ್ಟು ವ್ಯಾಟ್ ಕೇಳುತ್ತದೆ. ವಾಲ್ಯೂಮ್ ನಾಬ್ ಮುಟ್ಟದೆ ಸ್ವಿಚ್ ತಿರುಗಿಸಿದರೆ ಫಲಿತಾಂಶ ಮೊದಲೇ ತೀರ್ಮಾನವಾದಂತೆ. 500ರಿಂದ 2000 ಹರ್ಟ್ಸ್ ನಡುವಿನ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಸುಯ್ಯೆನ್ನುವ ಸದ್ದು) ಹಾಕಿ, ಕೇಳುಗ ಕೂರುವ ಜಾಗದಲ್ಲೇ ಸದ್ದಿನ ಮೀಟರ್ ಇಟ್ಟು, ವ್ಯತ್ಯಾಸ 0.2 ಡೆಸಿಬೆಲ್‌ನೊಳಗೆ ಬರುವಂತೆ ಹೊಂದಿಸಬೇಕು. 500 ಹರ್ಟ್ಸ್‌ಗಿಂತ ಕೆಳಗಿನ ಸ್ವರ ಸೇರಿಸಿದರೆ ನೀವು ಅಳೆಯುವುದು ಕೋಣೆಯನ್ನು.

ಕಣ್ಣಿನ ಮೋಸ ಇನ್ನೊಂದು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಒಂದೇ ಸ್ಪೀಕರುಗಳನ್ನು ಪರದೆ ಇಟ್ಟೂ ಇಡದೆಯೂ ಕೇಳಿಸಿದರು. ಕಣ್ಣಿಗೆ ಕಂಡಾಗ ದೊಡ್ಡ, ಚೆಂದದ ಪೆಟ್ಟಿಗೆಗಳಿಗೆ ಅಂಕ ಏರಿತು. ತೇಗದ ಹೊದಿಕೆ, ಹಳೆಯ ಬ್ರಾಂಡ್ ಫಲಕ ಇರುವ ವಿಂಟೇಜ್ ಮಾಲಿಗೆ ಇದು ದುಪ್ಪಟ್ಟು ಅನ್ವಯಿಸುತ್ತದೆ ಅನ್ನಿಸುತ್ತದೆ. ತೆಳು ಬಟ್ಟೆಯ ಪರದೆ ಸಾಕು.

ಇನ್ನು ವಯಸ್ಸಿನ ಮಾತು. ಬಹುಪಾಲು ತೀರ್ಪುಗಳು ತಪ್ಪುವುದು ಇಲ್ಲಿಯೇ. 1970ರ ದಶಕದ ಎಷ್ಟೋ ವೂಫರುಗಳ (ಮಂದ್ರ ನುಡಿಸುವ ಘಟಕಗಳ) ಅಂಚಿಗೆ ಫೋಮ್ ಇತ್ತು. ಅದು 15–20 ವರ್ಷಕ್ಕೆ ಪುಡಿಯಾಗುತ್ತದೆ. ಹೊಸ ಫೋಮ್ ಅಂಟಿಸಿದರೂ ಅದು ಗಟ್ಟಿಯಾಗಿದ್ದರೆ ವೂಫರಿನ ಸಹಜ ಕಂಪನದ ಆವರ್ತನ ಮೇಲೇರಿ ಮಂದ್ರ ಕುಗ್ಗುತ್ತದೆ. ಕೋನನ್ನು ಎರಡೂ ಕಡೆ ಸಮನಾಗಿ ಬೆರಳಿನಿಂದ ಮೆಲ್ಲಗೆ ಒತ್ತಿ; ಗೀರಿದ ಸದ್ದು ಬಂದರೆ ಒಳಗಿನ ತಂತಿಸುರುಳಿ (ವಾಯ್ಸ್ ಕಾಯಿಲ್) ಉಜ್ಜುತ್ತಿದೆ. ಮುಚ್ಚಿದ ಪೆಟ್ಟಿಗೆಯ ಕೋನ್ ಬಿಟ್ಟಮೇಲೆ ನಿಧಾನವಾಗಿ ಹಿಂದಿರುಗಬೇಕು. ಥಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ.

ಮಲ್ಟಿಮೀಟರಿನಲ್ಲಿ 8 ಓಮ್ ಡ್ರೈವರ್ (ಸ್ಪೀಕರಿನೊಳಗೆ ಸದ್ದು ಹೊರಡಿಸುವ ಘಟಕ) ಸಾಮಾನ್ಯವಾಗಿ 5.5ರಿಂದ 7 ಓಮ್ ತೋರಿಸುತ್ತದೆ. ತಾರ ಸ್ವರ ನುಡಿಸುವ ಟ್ವೀಟರ್ ಜೀವಂತವೇ ಎಂದು ತಿಳಿಯಲು ಕಾಗದದ ಕೊಳವೆಯನ್ನು ಅದರ ಮುಂದೆ ಹಿಡಿದು ಕಿವಿಗಿಟ್ಟರೆ ಸಾಕು. ಎಆರ್-3ರ ಹಿಂದಿನ ಲೆವೆಲ್ ನಾಬುಗಳು ತುಕ್ಕು ಹಿಡಿದು ಟ್ವೀಟರ್ ಮೂಕವಾಗುವುದು ಮಾಮೂಲು. ಅದನ್ನೇ ‘ಹಳೆಯ ಕಾಲದ ಮೃದು ದನಿ’ ಎಂದು ಮೆಚ್ಚಿದವರೂ ಇದ್ದಾರೆ.

ಸದ್ದನ್ನು ವೂಫರಿಗೂ ಟ್ವೀಟರಿಗೂ ಹಂಚುವ ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗಿ ಮೌಲ್ಯ ಬದಲಾಗುತ್ತದೆ, ಒಳಗಿನ ಪ್ರತಿರೋಧವೂ ಏರುತ್ತದೆ. ಅಳೆಯುವಾಗ ಒಂದು ಕಾಲನ್ನು ಬೋರ್ಡಿನಿಂದ ಬಿಡಿಸಲೇಬೇಕು. ಬದಲಿಗೆ ಫಿಲ್ಮ್ ಕೆಪಾಸಿಟರ್ ಹಾಕಿದರೆ ಆ ಪ್ರತಿರೋಧ ಬಹುತೇಕ ಇಲ್ಲವಾಗಿ ಟ್ವೀಟರ್ ಚುರುಕಾಗುತ್ತದೆ. ಸರಣಿಯಲ್ಲಿ ಅರ್ಧದಿಂದ ಒಂದು ಓಮಿನ ರೆಸಿಸ್ಟರ್ ಸೇರಿಸಿದರೆ ಮೂಲ ಸಮತೋಲನದ ಹತ್ತಿರ ಬರುತ್ತದೆ.

ಆಂಪ್ಲಿಫೈಯರನ್ನೂ ಮರೆಯಬಾರದು. 1 ಓಮ್ ಔಟ್‌ಪುಟ್ ಪ್ರತಿರೋಧದ ವಾಲ್ವ್ ಆಂಪ್, ಇಂಪೀಡೆನ್ಸ್ (ಸ್ವರಕ್ಕೆ ತಕ್ಕಂತೆ ಬದಲಾಗುವ ಪ್ರತಿರೋಧ) 3 ಓಮಿಗೆ ಇಳಿದು 20ಕ್ಕೆ ಏರುವ ಸ್ಪೀಕರಿನಲ್ಲಿ ಆ ಎರಡು ಜಾಗಗಳ ನಡುವೆ ಸುಮಾರು 2 ಡೆಸಿಬೆಲ್ ಏರಿಳಿತ ತರುತ್ತದೆ. ಟ್ರಾನ್ಸಿಸ್ಟರ್ ಆಂಪಿನಲ್ಲಿ ಅದು ನಗಣ್ಯ. ಆದ್ದರಿಂದ ಹಳೆಯ ಸ್ಪೀಕರನ್ನು ಎರಡೂ ಬಗೆಯ ಆಂಪಿನಲ್ಲಿ ಕೇಳಿ, ಯಾವುದರಲ್ಲಿ ಕೇಳಿದ್ದೆಂದು ಟಿಪ್ಪಣಿಯಲ್ಲಿ ಬರೆದಿಡಿ. ಕೊನೆಗೆ ಎಡ-ಬಲ ಜೋಡಿಯ ಧ್ರುವತೆ: 1.5 ವೋಲ್ಟ್ ಸೆಲ್ಲನ್ನು ಎರಡೂ ವೂಫರುಗಳಿಗೆ ಒಂದೇ ದಿಕ್ಕಿನಲ್ಲಿ ಕ್ಷಣಮಾತ್ರ ಮುಟ್ಟಿಸಿದಾಗ ಕೋನುಗಳು ಒಂದೇ ಕಡೆ ಚಲಿಸಬೇಕು. ಜೆಬಿಎಲ್ ಕಂಪನಿಯ ಹಳೆಯ ಸ್ಪೀಕರುಗಳಲ್ಲಿ ಕೆಂಪು ಕೊಂಡಿಗೆ ಪಾಸಿಟಿವ್ ಕೊಟ್ಟರೆ ಕೋನ್ ಒಳಗೆ ಹೋಗುತ್ತದೆ. ಅದು ಕೆಟ್ಟದ್ದಲ್ಲ, ಆ ಕಂಪನಿಯ ಹಳೆಯ ರೂಢಿ. ಜೋಡಿಯಲ್ಲಿ ಎರಡೂ ಹಾಗೆಯೇ ಇರಬೇಕಷ್ಟೆ.